ಮುಚ್ಚದ ಮುಚ್ಚಳ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆ ಗುರುವಾರ ಬೆಳಿಗ್ಗೆ ನಾನು ಒಂದು ಟಚ್‌ಪ್ಯಾಡನ್ನು ಬೈದೆ, ಬ್ಯಾಟರಿಯನ್ನು ಬೈದೆ, ಲಿನಕ್ಸ್ ಬರೆದ ಊರು ಕೇರಿ ಗೊತ್ತಿಲ್ಲದ ಪುಣ್ಯಾತ್ಮರನ್ನೂ ಬಿಡಲಿಲ್ಲ. ತಿಂಡಿ ತಿನ್ನು ಅಂದದ್ದಕ್ಕೆ ಅವ್ವನ ಮೇಲೂ ಹರಿಹಾಯ್ದೆ.

ನಾನು ಸಂಘಮಿತ್ರಾ. ಯಶವಂತನಗರದ ಮನೆಯಿಂದ ದಿನಾ ಸಂಡೂರಿಗೆ ಹೋಗಿ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಪಾಠ ಮಾಡುತ್ತೇನೆ. ಯಾವುದೋ ಕಂಪನಿಯವರು ನಮ್ಮ ಶಾಲೆಗೆ ಹನ್ನೆರಡು ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದರು. ಎಲ್ಲ ಒಂದೇ ಮಾದರಿಯವು, ಎಲ್ಲವೂ ಆನ್ ಆಗುವಷ್ಟರಲ್ಲಿ ಒಂದು ಪೀರಿಯಡ್ ಮುಗಿಯುತ್ತಿತ್ತು. ನಾನು ಅವನ್ನು ಮನೆಗೆ ತಂದು, ಒಂದೊಂದರ ಹಳೇ ಸಾಫ್ಟ್‌ವೇರ್ ತೆಗೆದು ಪುಕ್ಕಟೆ ಸಿಗುವ, ಹಗುರವಾದ ಲಿನಕ್ಸ್ ಹಾಕಿದೆ. ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡತೊಡಗಿದವು. ಆದರೆ ನಮ್ಮ ಹೆಡ್‌ಮಿಸ್ ರಮಾ ಮೇಡಮ್ ನಂಬುವವರಲ್ಲ. ಹಿಂದೆ ಹೀಗೇ ಬಂದ ಕಂಪ್ಯೂಟರುಗಳು ಕೋಣೆಯಲ್ಲಿ ಸತ್ತು ಬಿದ್ದದ್ದನ್ನು ಕಂಡವರು. ಗುರುವಾರ ಮಧ್ಯಾಹ್ನ ಎರಡಕ್ಕೆ ಮಕ್ಕಳ ಮುಂದೆ ಒಂದು ಯಂತ್ರ ಅರ್ಧ ಗಂಟೆ ನಿಲ್ಲದೆ ನಡೆದರೆ ಹನ್ನೆರಡನ್ನೂ ಇಟ್ಟುಕೊಳ್ಳೋಣ, ಇಲ್ಲವಾದರೆ ಗುಜರಿಗೆ ಹಾಕಿ ಆ ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ ಇಡೋಣ ಎಂದಿದ್ದರು.

ಬೆಳಿಗ್ಗೆ ಎಂಟಕ್ಕೆ ಒಂದನ್ನು ತೆಗೆದು ಆನ್ ಮಾಡಿದೆ. ಪರದೆ ಬಂತು, ಮೌಸಿನ ಬಾಣ ಮಾತ್ರ ಕದಲಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಎಳೆದೆ, ಊಹೂಂ. ಟಚ್‌ಪ್ಯಾಡ್ ಸತ್ತಿದೆಯೇ ಎಂದು ನೋಡುವಷ್ಟರಲ್ಲಿ ಇಡೀ ಯಂತ್ರವೇ ನಿದ್ದೆಗೆ ಜಾರಿತು. ಪವರ್ ಬಟನ್ ಒತ್ತಿ ಎಬ್ಬಿಸಿದೆ. ಅರ್ಧ ನಿಮಿಷಕ್ಕೆ ಮತ್ತೆ ನಿದ್ದೆ. ಎರಡನೆಯದನ್ನು ತೆಗೆದೆ, ಅದೂ ಹಾಗೇ.

ಹಿಂದಿನ ದಿನ ಹೊಸಪೇಟೆಗೆ ಹೋಗುವ ಮುಂಚೆ ಹನ್ನೊಂದು ಯಂತ್ರಗಳಿಗೆ ಅಪ್‌ಡೇಟ್ ಹಾಕಿದ್ದೆ. ಹನ್ನೆರಡನೆಯದಕ್ಕೆ ಹಾಕುವಷ್ಟರಲ್ಲಿ ಮೊಬೈಲಿನ ಡೇಟಾ ಮುಗಿದಿತ್ತು. ಹಾಗಾದರೆ ಅಪ್‌ಡೇಟೇ ಕಳ್ಳ ಎಂದು ತೀರ್ಮಾನಿಸಿ, ಗೆದ್ದ ಹುರುಪಿನಲ್ಲಿ ಆ ಹನ್ನೆರಡನೆಯದನ್ನು ಆನ್ ಮಾಡಿದೆ. ಬಾಣ ಕದಲಲಿಲ್ಲ. ಅರ್ಧ ನಿಮಿಷಕ್ಕೆ ಅದೂ ಮಲಗಿತು.

ಗಂಟೆ ಹತ್ತು. ಹನ್ನೆರಡೂವರೆಗೆ ಬಸ್ಸು. ಟಚ್‌ಪ್ಯಾಡಿನ ಡ್ರೈವರ್ ಕಿತ್ತು ಮತ್ತೆ ಹಾಕಿದೆ, ಬ್ಯಾಟರಿ ಉಳಿಸುವ ಸೆಟ್ಟಿಂಗನ್ನೆಲ್ಲ ಆರಿಸಿದೆ. ಒಂದೊಂದು ಸಾಲು ಟೈಪ್ ಮಾಡುವಷ್ಟರಲ್ಲಿ ಅದು ಮಲಗುತ್ತಿತ್ತು, ನಾನು ಎಬ್ಬಿಸುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೇನೆಂದು ಆಗ ನನಗೆ ಗೊತ್ತಿರಲಿಲ್ಲ. ಅಪ್ಪ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ. ಏನಾತವ್ವ ಎಂದು ಎರಡು ಸಲ ಕೇಳಿದ, ನಾನು ಕೀಲಿಮಣೆ ಕುಟ್ಟುತ್ತಲೇ ಇದ್ದೆ.

ಕೊನೆಗೆ ಬುದ್ಧಿ ಬಂತು. ಊಹೆ ಸಾಕು, ಯಂತ್ರವನ್ನೇ ಕೇಳೋಣ. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ, ಒಂದನ್ನೂ ಮುಚ್ಚಿಡುವುದಿಲ್ಲ. ಎಬ್ಬಿಸಿದ ಕೂಡಲೇ ಬೆರಳು ಓಡಿಸಿ ಆ ದಿನಚರಿ ತೆಗೆದೆ. ಕೊನೆಯ ಸಾಲುಗಳನ್ನು ಓದಿ ಕೂತಲ್ಲೇ ನೆಟ್ಟಗಾದೆ. ಮುಚ್ಚಳ ಮುಚ್ಚಿದೆ, ಆದ್ದರಿಂದ ಮಲಗುತ್ತೇನೆ ಎಂದಿತ್ತು. ಮುಚ್ಚಳ ನನ್ನ ಮುಖದ ಮುಂದೆ ಬಾಯಿ ತೆರೆದು ನಿಂತಿತ್ತು!

ಆಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಮುಚ್ಚಿದ್ದೇನೆ ಎಂದುಕೊಂಡ ಯಂತ್ರ ಟಚ್‌ಪ್ಯಾಡನ್ನೂ ಬಂದ್ ಮಾಡುತ್ತದೆ, ತಾನೂ ಮಲಗುತ್ತದೆ; ಆಗಷ್ಟೇ ಎದ್ದಿದ್ದರೆ ಮಾತ್ರ ಅರ್ಧ ನಿಮಿಷ ತಡೆಯುತ್ತದೆ. ರೋಗ ಎರಡಲ್ಲ, ಒಂದೇ. ಮುಚ್ಚಳ ಮುಚ್ಚಿತೆಂದು ಅದಕ್ಕೆ ತಿಳಿಯುವುದು ಮುಚ್ಚಳದ ಅಂಚಿನಲ್ಲಿರುವ ಸಣ್ಣ ಅಯಸ್ಕಾಂತ ಕೆಳಗಿನ ಸೆನ್ಸರಿನ ಹತ್ತಿರ ಬಂದಾಗ. ಹಾಗಾದರೆ ಇಲ್ಲಿ ಇನ್ನೊಂದು ಅಯಸ್ಕಾಂತ ಇರಬೇಕು. ಲ್ಯಾಪ್‌ಟಾಪನ್ನು ಮಗುಚಿ ಹಾಕಿದೆ.

ಅಡಿಯಲ್ಲಿ, ಸರಿಯಾಗಿ ನನ್ನ ಎಡ ಅಂಗೈ ಊರುವ ಜಾಗದ ಕೆಳಗೆ, ಕಪ್ಪು ಟೇಪಿನಲ್ಲಿ ನೀಟಾಗಿ ಅಂಟಿಸಿದ, ಹಳೇ ಸ್ಪೀಕರಿನಿಂದ ಒಡೆದು ತೆಗೆದ ಅಯಸ್ಕಾಂತದ ಚೂರು. ಎರಡನೆಯದಕ್ಕೂ ಇತ್ತು. ಹನ್ನೆರಡಕ್ಕೂ ಇತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

ಆ ಟೇಪು ಯಾರದೆಂದು ಕೇಳಬೇಕಿರಲಿಲ್ಲ. ನಮ್ಮಪ್ಪ ಮಾರೆಪ್ಪ ಮೂವತ್ತು ವರ್ಷ ಗಣಿಯಲ್ಲಿ ಅದಿರಿನ ಸ್ಯಾಂಪಲ್ ತೂಗಿದವನು. ಆ ಕೆಲಸದವರ ಜೇಬಿನಲ್ಲಿ ಇಂಥದ್ದೊಂದು ಚೂರು ಇದ್ದೇ ಇರುತ್ತದೆ. ತಕ್ಕಡಿಯ ತಟ್ಟೆಯ ಮೇಲೆ ಅದನ್ನು ಆಡಿಸಿದರೆ ಅದಿರಿನ ಪುಡಿಯಲ್ಲಿ ಒಂದಿಷ್ಟು ಬಂದು ಅಂಟಿಕೊಳ್ಳುತ್ತದೆ. ರಿಟೈರ್ ಆದಮೇಲೂ ಅಪ್ಪ ಊಟದ ತಟ್ಟೆ ಇಡುವ ಮುಂಚೆ ನೆಲದ ಕೆಂಧೂಳು ಎತ್ತಲು ಅದನ್ನು ಆಡಿಸುತ್ತಾನೆ.

ನಾನು ತಿರುಗಿದೆ. ಬಾಯಿತುಂಬ ಬೈಗುಳ ಸಿದ್ಧವಾಗಿತ್ತು. ಅಷ್ಟರಲ್ಲಿ ಅಪ್ಪನೇ ಎದ್ದು ನಿಂತ.

"ನಿನ್ನ ಕಾಲೇಜಿನ ಕಂಪ್ಯೂಟರ್ ಕೆಂಧೂಳು ತಿಂದು ಹಾಳಾದಾಗ ಮೂರು ದಿನ ಅತ್ತಿದ್ದಿ. ಇವಕ್ಕೂ ಹಂಗ ಆಗಬಾರ್ದು, ಧೂಳನ್ನ ಇದಾ ಹಿಡೀಲಿ ಅಂತ ನಿನ್ನೆ ನೀ ಹೊಸಪೇಟಿಗೆ ಹೋದಾಗ ನಾನಾ ಅಂಟಿಸೀನಿ. ತಪ್ಪಾತೇನು?"

ನನಗೆ ಅಳು ಬಂತು, ಅದನ್ನು ಮುಚ್ಚಿಕೊಳ್ಳಲು ಜೋರಾಗಿ ನಕ್ಕೆ. ಅಪ್ಪ ಕಕ್ಕಾಬಿಕ್ಕಿಯಾಗಿ ಅವ್ವನ ಮುಖ ನೋಡಿದ. ನಾನೂ ಅಪ್ಪನೂ ಕೂತು ಟೇಪು ಕಿತ್ತೆವು. ಒಂದೊಂದು ಕಿತ್ತು ಆನ್ ಮಾಡಿದಾಗಲೂ ಒಂದೊಂದು ಯಂತ್ರ ಕಣ್ಣು ಬಿಡುತ್ತಿತ್ತು, ಬಾಣ ಓಡುತ್ತಿತ್ತು. ಆರನೆಯದರ ಹೊತ್ತಿಗೆ ಅಪ್ಪನೇ ಬೆರಳಿನಿಂದ ಬಾಣವನ್ನು ಓಡಿಸಿ ನೋಡಿದ. ನಂತರ ಒಂದನ್ನು ಚೀಲಕ್ಕೆ ಹಾಕಿಕೊಂಡು, ಹೊತ್ತು ತರುವುದು ತನ್ನ ಪ್ರಾಯಶ್ಚಿತ್ತವೆಂದು ನನ್ನ ಜೊತೆ ಬಸ್ಸು ಹತ್ತಿದ.

ಶಾಲೆಯ ಗೇಟಿನಲ್ಲಿ ಚೀಲ ನನ್ನ ಕೈಗೆ ಕೊಟ್ಟು ಹೊರಗೇ ನಿಂತ. ಐದನೇ ಇಯತ್ತೆಗೆ ಶಾಲೆ ಬಿಟ್ಟು ಅದಿರು ಹೊರಲು ಹೋದವನು, ನನ್ನನ್ನು ಹತ್ತು ವರ್ಷ ಶಾಲೆಗೆ ಬಿಡಲು ಬಂದಾಗಲೂ ಗೇಟು ದಾಟಿದವನಲ್ಲ. ನಾನು ಕರೆದೆ. ಬ್ಯಾಡ ಬ್ಯಾಡ ಅಂದ. ಕೈ ಹಿಡಿದು ಎಳೆದುಕೊಂಡೇ ಹೋದೆ.

ಯಂತ್ರ ಅರ್ಧ ಗಂಟೆಯಲ್ಲ, ಮುಕ್ಕಾಲು ಗಂಟೆ ನಡೆಯಿತು. ಮಕ್ಕಳು ಚಿತ್ರ ಬಿಡಿಸಿದರು, ಕನ್ನಡದಲ್ಲಿ ತಮ್ಮ ಹೆಸರು ಬರೆದರು. ರಮಾ ಮೇಡಮ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ಆಗ ನಾನು ಬೆಳಗಿನ ಕಥೆಯನ್ನು ಒಂದನ್ನೂ ಬಿಡದೆ ಹೇಳಿ, ಅಪ್ಪನನ್ನು ಮುಂದೆ ಕರೆದೆ. ಅವನು ಹೆದರಿಕೆಯಿಂದಲೇ ಜೇಬಿನ ಚೂರು ತೆಗೆದು ಯಂತ್ರದ ಅಡಿಗೆ ಹಿಡಿದ. ಪರದೆ ಆರಿತು. ತೆಗೆದ, ಪರದೆ ಬೆಳಗಿತು. ತರಗತಿಯೆಲ್ಲ ಹೋ ಎಂದಿತು. ರಮಾ ಮೇಡಮ್ ಆ ಚೂರನ್ನು ಕೇಳಿ ಪಡೆದು ತಾವೂ ಒಂದು ಸಲ ಮಾಡಿ ನೋಡಿ ಅಪ್ಪನ ಕೈಗೇ ಹಿಂದಿರುಗಿಸಿದರು. ನಂತರ ನನ್ನ ಕಡೆ ತಿರುಗಿ, ಅಕ್ಕಿ ಚೀಲಕ್ಕೆ ಬೇರೆ ಜಾಗ ನೋಡೋಣ, ಉಳಿದ ಹನ್ನೊಂದನ್ನೂ ನಾಳೆಯೇ ತನ್ನಿ ಎಂದರು.

ಮಕ್ಕಳು ಅಪ್ಪನನ್ನು ಮುತ್ತಿದ್ದರು. ಅವನು ಚೂರನ್ನು ಕಿಟಕಿಯ ಕಟ್ಟೆಯ ಮೇಲೆ ಆಡಿಸಿ, ಅಂಟಿಕೊಂಡ ಕೆಂಪು ಪುಡಿ ಅದಿರು, ಕಟ್ಟೆಯ ಮೇಲೆ ಉಳಿದದ್ದರಲ್ಲಿ ಹೆಚ್ಚಿನದು ಬರೀ ಮಣ್ಣು ಎಂದು ಹೇಳುತ್ತಿದ್ದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮಿಸ್, ಈ ಸರ್ ನಾಳೆನೂ ಬರ್ತಾರೇನ್ರಿ?"

ಅಪ್ಪ ಮಾತು ನಿಲ್ಲಿಸಿ ನನ್ನನ್ನು ನೋಡಿದ. ನಾನು ಮೇಜಿನ ಹಿಂದಿದ್ದ ನನ್ನ ಕುರ್ಚಿಯನ್ನು ಎಳೆದು ಅವನ ಪಕ್ಕಕ್ಕೆ ಇಟ್ಟು, ಹೋಗಿ ಆ ಹುಡುಗಿಯ ಬೆಂಚಿನಲ್ಲಿ ಕುಳಿತೆ.