ಸುಣ್ಣ ನಿಲ್ಲಿಸಿದವರು

"ಆ ಹೂವನ್ನ ಒಳಗೆ ತರಬೇಡಿ," ಎನ್ನುತ್ತ ರೋವೆನಾ ಚರ್ಚಿನ ಬಾಗಿಲಿಗೆ ಅಡ್ಡ ನಿಂತಳು.

ಗಣಿ ಕಂಪನಿಯ ಅಧಿಕಾರಿ ಡಂಕ್ಲಿ ಬಿಳಿ ಲಿಲ್ಲಿ ಹೂಗಳನ್ನು ಹಿಡಿದು ಮೆಟ್ಟಿಲ ಮೇಲೇ ನಿಂತ. "ನಿಮ್ಮ ತಾಯಿ ಬಗ್ಗೆ ನಮಗೂ ಗೌರವ ಇದೆ."

"ಬದುಕಿದ್ದಾಗ ಹುಚ್ಚಿ ಅಂದ್ರಿ. ಈಗ ಗೌರವನಾ?"

ಒಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅವಳ ತಾಯಿ ಗ್ಲೆನಿಸ್ ಪೆಂಗೆಲಿ, ಊರ ಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆ ತೊಳೆದವಳು.

*

ಟಾಸ್ಮೇನಿಯಾದ ಆ ಊರಿನ ತಾಮ್ರದ ಗಣಿ ಮುಚ್ಚಿದ ಮೇಲೂ ಅದರ ಕಿತ್ತಳೆ ಬಣ್ಣದ ಆಮ್ಲ ನೀರು ಹರಿಯುತ್ತಲೇ ಇತ್ತು. ಹೊಳೆ ಸೇರುವ ಮುನ್ನ ಕಂಪನಿಯವರು ಅದಕ್ಕೆ ಸುಣ್ಣ ಬೆರೆಸಿ ಆಮ್ಲ ಮುರಿಯುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಊರ ಸಭೆಯಲ್ಲಿ, ಸುಣ್ಣ ಹಾಕುವುದು ಇನ್ನು ನಿಲ್ಲುತ್ತದೆಂದು ಡಂಕ್ಲಿ ಹೇಳಿದ.

"ನೀರು ಕೆಡಿಸ್ತಿರೋದು ನಾವಲ್ಲ, ಬ್ಯಾಕ್ಟೀರಿಯಾ. ಅದು ಪ್ರಕೃತಿ."

ಗ್ಲೆನಿಸ್ ಎದ್ದು ನಿಂತಳು. "ಹೌದಪ್ಪ, ಬ್ಯಾಕ್ಟೀರಿಯಾನೇ. ಕಲ್ಲಲ್ಲಿರೋ ಕಬ್ಬಿಣ, ಗಂಧಕ ತಿಂದು ಆಮ್ಲ ಹೆಚ್ಚಿಸ್ತವೆ. ಬೆಟ್ಟ ಮುಚ್ಕೊಂಡಿದ್ದಾಗ ಗಾಳಿ ಸಿಗದೆ ತೆಪ್ಪಗಿದ್ವು. ಬೆಟ್ಟ ಒಡೆದು, ಪುಡಿ ಮಾಡಿ, ಅವಕ್ಕೆ ಔತಣ ಬಡಿಸಿದವರು ಯಾರು?"

"ಸೀಸೆ ತೊಳೆಯೋಳು ಪಾಠ ಹೇಳ್ತಾಳೆ ನೋಡ್ರೋ!" ಹಿಂದಿನ ಸಾಲಿನಿಂದ ಗಣಿಯ ಕಾವಲುಗಾರ ಮೆರ್ವ್ ಕೂಗಿದ. ಸಭೆಗೆ ಸಭೆಯೇ ನಕ್ಕಿತು.

ಮರುವರ್ಷ ಸೇತುವೆಯ ಕೆಳಗೆ ಟ್ರೌಟ್ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆಗ ಯಾರೂ ನಗಲಿಲ್ಲ. ಗ್ಲೆನಿಸ್ ಜೊತೆ ನಿಲ್ಲಲೂ ಇಲ್ಲ. ಪ್ರತಿ ಸೋಮವಾರ ಒಬ್ಬಳೇ ಹೊಳೆಗಿಳಿದು ನೀರು ಪರೀಕ್ಷಿಸಿ ಸರ್ಕಾರಕ್ಕೆ ಬರೆದಳು. "ಪರಿಶೀಲಿಸಲಾಗುವುದು" ಎಂಬ ಉತ್ತರ ಬರುತ್ತಿತ್ತು, ಅಷ್ಟೆ.

*

ಸ್ಮಶಾನ ಗಣಿ ತ್ಯಾಜ್ಯದ ಗುಡ್ಡದ ಬುಡದಲ್ಲಿತ್ತು. ಗಂಡನ ಪಕ್ಕದಲ್ಲೇ ಗ್ಲೆನಿಸ್‌ಗೆ ಗುಂಡಿ ತೋಡಿದ್ದ, ಈಗ ಸ್ಮಶಾನ ನೋಡಿಕೊಳ್ಳುವ ಮೆರ್ವ್ ಬಕೆಟ್ ಹಿಡಿದು ತಲೆ ತಗ್ಗಿಸಿದ್ದ. ಗುಂಡಿಯಲ್ಲಿ ಮೊಣಕಾಲೆತ್ತರ ಕಿತ್ತಳೆ ಬಣ್ಣದ ನೀರು.

"ಎರಡು ಸಲ ಎತ್ತಿ ಹಾಕಿದೆ ಕಣಮ್ಮ. ಮತ್ತೆ ಬರ್ತಿದೆ," ಎಂದ. ಆಮೇಲೆ ಮೆಲ್ಲಗೆ, "ಅವತ್ತು ನಾನು ಕೂಗಬಾರದಿತ್ತು."

"ಅದನ್ನ ಅಮ್ಮನಿಗೆ ಹೇಳಬೇಕಿತ್ತು, ಮೆರ್ವ್." ರೋವೆನಾ ಅವನ ಕೈಯಿಂದ ಬಕೆಟ್ ಕಿತ್ತುಕೊಂಡು, ಜನರ ಹಿಂದೆ ನಿಂತಿದ್ದ ಡಂಕ್ಲಿಯ ಎದೆಗೆ ಒತ್ತಿದಳು. "ಇಳೀರಿ."

"ಮೇಡಂ, ಇದು..."

"ಇದರಲ್ಲಿ ನಮ್ಮಮ್ಮನ್ನ ಮಲಗಿಸಲ್ಲ. ಇಳೀರಿ!"

ಅವನು ಸುತ್ತ ನೋಡಿದ. ಪಾದ್ರಿ ಪುಸ್ತಕ ಮುಚ್ಚಿಕೊಂಡರು. ಮೆರ್ವ್ ಏಣಿ ಇಳಿಬಿಟ್ಟ.

ಡಂಕ್ಲಿ ಕೋಟು ಬಿಚ್ಚಿ ಇಳಿದ. ಬಕೆಟ್ ಮೇಲಕ್ಕೂ ಕೆಳಕ್ಕೂ ಓಡಾಡಿತು. ಒಮ್ಮೆ ಗುಂಡಿಯ ತಳ ಕಂಡಿತು. ಅಷ್ಟರಲ್ಲಿ ಗುಡ್ಡದ ಕಡೆಯ ಮಣ್ಣಿನಿಂದ ಕಿತ್ತಳೆ ನೀರು ಜಿನುಗಿ, ಅವನ ಬೂಟುಗಳ ಸುತ್ತ ಮತ್ತೆ ಏರತೊಡಗಿತು.