ಮೂರು ಬಾಗಿಲಿನ ಆಟದವನ ಹೆಂಡತಿ

ನಿರ್ದೇಶಕನ ಫೋನ್ ಬಂದಾಗ ಅವಳು ಗಂಡನ ನೀಲಿ ಕೋಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ಅತ್ತಿಗೆ, ಅಣ್ಣಂದು ಇವತ್ತೇ ಕೊನೇ ಕಂತು. ಮುಂದಿನ ತಿಂಗಳಿಂದ ಬೇರೆಯವನು ನಡೆಸ್ತಾನೆ. ಅಣ್ಣಂಗೆ ರೆಕಾರ್ಡಿಂಗ್ ಮುಗಿದ್ಮೇಲೆ ನಾನೇ ಹೇಳ್ತೀನಿ. ಈಗ್ಲೇ ಗೊತ್ತಾದ್ರೆ ಮುಖ ಬಾಡುತ್ತೆ. ನೀವು ಬಾಯಿ ಬಿಡ್ಬೇಡಿ."

ಬಾಯಿ ಬಿಡದಿರುವುದು ಆ ಮನೆಗೆ ಹೊಸದಲ್ಲ. ಮೂರರಲ್ಲೊಂದು ಬಾಗಿಲು ಆರಿಸಿ ಬಹುಮಾನ ಗೆಲ್ಲುವ ಆಟವನ್ನು ಟೀವಿಯಲ್ಲಿ ಗಂಡ ನಡೆಸತೊಡಗಿದಾಗಿನಿಂದ ಅವನದೊಂದೇ ಹಟ: ಬಹುಮಾನ ಯಾವ ಬಾಗಿಲ ಹಿಂದಿದೆಯೆಂದು ತನಗೆ ಯಾರೂ ಹೇಳಕೂಡದು. ಗೊತ್ತಿದ್ದರೆ ಕಣ್ಣು ಆ ಕಡೆ ಹೊರಳುತ್ತದೆ, ಆಡುವವರು ಹಿಡಿದುಬಿಡುತ್ತಾರೆ. ಬಾಗಿಲು ಖಾಲಿಯಿದ್ದರೆ ಸೋತವರ ಕೈಹಿಡಿದು ತಾನೂ ಅದರೊಳಗೆ ಹೋಗಿ ನಿಲ್ಲುತ್ತಿದ್ದ. ಕಾರು ಗೆದ್ದವರನ್ನು ಜನ ಮರೆತರು, ಇದನ್ನು ಮರೆಯಲಿಲ್ಲ.

ಅವಳನ್ನಂತೂ ಸ್ಟುಡಿಯೋದ ಮುಂದಿನ ಸಾಲಿನಿಂದ ಎಂದೋ ಎಬ್ಬಿಸಿದ್ದರು. ಬಾಗಿಲ ಹಿಂದೆ ಬಹುಮಾನ ಜೋಡಿಸುವುದನ್ನು ಒಮ್ಮೆ ಇಣುಕಿ ಬಂದು ಕೂತಿದ್ದಳು. ಅವಳ ಮುಖ ನೋಡಿಯೇ ಒಬ್ಬ ಫ್ರಿಜ್ ಗೆದ್ದುಕೊಂಡು ಹೋದ. ಅಂದಿನಿಂದ ಅವಳ ಜಾಗ ಮೇಕಪ್ ಕೋಣೆಯ ಮುರುಕು ಕುರ್ಚಿ.

ಇಂದೂ ಅಲ್ಲೇ ಕೂತಳು. ಹೇಳದಿದ್ದರೆ ಅವನು ಎಂದಿನಂತೆ "ಬರೋ ವಾರ ಸಿಗೋಣ" ಎಂದು ಕೈಬೀಸಿ ಇಳಿದುಬಿಡುತ್ತಾನೆ. ಇಷ್ಟು ವರ್ಷ ಮನೆಮನೆಯಲ್ಲಿ ಕಾದು ಕೂತವರಿಗೆ ಕೊನೆಯದಾಗಿ ಬರುತ್ತೇನೆಂದು ಬೀಳ್ಕೊಳ್ಳುವುದೂ ಅವನ ಪಾಲಿಗಿಲ್ಲ. ಹೇಳಿದರೆ, ವೇದಿಕೆಯ ಮೇಲೆ ಅವನು ಮಾತು ಮರೆತರೆ?

ಅವನು ಕನ್ನಡಿಯಲ್ಲೇ ಅವಳನ್ನು ನೋಡಿದ. "ಏನೇ ಅದು ಮುಖ? ಮತ್ತೆ ಬಾಗಿಲ ಹಿಂದೆ ಇಣುಕಿದ್ಯಾ?"

"ಹೂಂ."

"ಹೇಳ್ಬೇಡ ಕಣೇ, ಪುಣ್ಯ ಬರುತ್ತೆ!"

"ಇದೊಂದನ್ನ ಹೇಳ್ತೀನಿ. ಇವತ್ತೇ ಕೊನೇದಂತೆ ರೀ. ಮುಂದಿನ ತಿಂಗಳಿಂದ ಬೇರೆಯವರಂತೆ."

ಮೇಕಪ್ಪಿನವಳ ಕೈ ಅವನ ಕೆನ್ನೆಯ ಮೇಲೇ ನಿಂತಿತು. ಅವನು ಕನ್ನಡಿಯಿಂದ ಕಣ್ಣು ತೆಗೆದು ತನ್ನ ಬೂಟುಗಳನ್ನು ನೋಡುತ್ತ ಕೂತ.

"ಹಚ್ಚಮ್ಮ," ಎಂದ ಆಮೇಲೆ. "ಸ್ವಲ್ಪ ಗಟ್ಟಿಯಾಗೇ ಹಚ್ಚು. ಇವತ್ತು ಕರಗೋ ಹಾಗಿದೆ."

ಆಟ ಎಂದಿನ ನಗು, ಎಂದಿನ ಗದ್ದಲದಲ್ಲೇ ನಡೆಯಿತು. ಅವಳು ಪರದೆಯ ಸಂದಿಯಲ್ಲಿ ನಿಂತು ನೋಡಿದಳು. ಕೊನೆಗೆ ಆಡಿದ ಹೊಲಿಗೆಯವಳಿಗೆ ಸಿಕ್ಕಿದ್ದು ಖಾಲಿ ಬಾಗಿಲು. ಅವನು ಎಂದಿನಂತೆ ಆಕೆಯ ಜೊತೆ ಒಳಗೆ ನಿಂತು ನಗಿಸಿ, ಚಪ್ಪಾಳೆ ಹೊಡೆಸಿ, ಅವಳನ್ನು ಕುರ್ಚಿಗೆ ಕಳಿಸಿದ. ತಾನು ಅಲ್ಲೇ ಉಳಿದ.

"ಬರೋ ವಾರ ನಾನಿರಲ್ಲ," ಎಂದ. "ನೀವು ಗೆದ್ದಾಗೆಲ್ಲ ನಾನು ಕುಣಿದೆನಲ್ಲ, ನಂಗೂ ಬಾಗಿಲು ತೆಗೆದಾಗ್ಲೇ ಗೊತ್ತಾಗ್ತಿತ್ತು. ನಾಟಕ ಅಲ್ಲ. ಅದೊಂದನ್ನ ನಂಬಿ. ಬರ್ತೀನಿ."

ಜನ ಎದ್ದು ನಿಂತರು. ನಿರ್ದೇಶಕ ತಲೆಯ ಮೇಲೆ ಕೈಹೊತ್ತುಕೊಂಡ. ಆ ಪ್ಲೈವುಡ್ ಚೌಕಟ್ಟಿನಲ್ಲಿ ಒಂಟಿಯಾಗಿ ನಿಂತ ಗಂಡನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಬೆಳಕಿನೊಳಕ್ಕೆ ನಡೆದಳು.

"ಅತ್ತಿಗೆ, ಕ್ಯಾಮೆರಾ ಓಡ್ತಿದೆ!"

ಅವಳು ಹೋಗಿ ಗಂಡನ ಕೈಹಿಡಿದು ಪಕ್ಕದಲ್ಲಿ ನಿಂತಳು.

"ಅಯ್ಯೋ, ನಿನ್ನ ಮುಖ ಎಲ್ರಿಗೂ ಕಾಣ್ತಿದೆಯಲ್ಲೇ," ಎಂದು ಅವನು ಪಿಸುಗುಟ್ಟಿದ.

"ಕಾಣ್ಲಿ ಬಿಡಿ."