ಮೊಳೆ ನಿಲ್ಲದ ಕಿಟಕಿ

ಅಜ್ಜಂಪುರ ತಾಲ್ಲೂಕಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ, ನಮ್ಮೂರಿನ ಪಂಚಾಯಿತಿ ಸಭಾಂಗಣದ ಒಂದು ಕಿಟಕಿಗೆ ಮೊಳೆ ನಿಲ್ಲದ ಸಂಗತಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ.

ಪ್ರೌಢಶಾಲೆಯ ಸಮಾಜ ವಿಜ್ಞಾನದ ಟೀಚರ್ ಸಂಘಮಿತ್ರಾ ಶನಿವಾರ ಶನಿವಾರ ಆ ಸಭಾಂಗಣದಲ್ಲಿ ಮಕ್ಕಳಿಗೆ ಸಿನಿಮಾ ತೋರಿಸಿ ಪಾಠ ಮಾಡುತ್ತಿದ್ದರು. ಕತ್ತಲಾಗಲೆಂದು ಕಿಟಕಿಗಳಿಗೆ ಈರುಳ್ಳಿ ರಾಶಿ ಮುಚ್ಚುವ ಟಾರ್ಪಾಲು. "ಇದೇನ್ ಇಸ್ಕೂಲೋ, ಟಾಕೀಸೋ?" ಎಂದು ಯಾರೋ ದೂರಿದ್ದರಿಂದ, ಸಭಾಂಗಣ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಅಧ್ಯಕ್ಷರು ಖುದ್ದು ಬಂದರು. ಅಂದರೆ ಸೋಮಶೇಖರಪ್ಪ ಬಂದರು. ಚುನಾವಣೆಯಲ್ಲಿ ಗೆದ್ದವರು ಅವರ ಹೆಂಡತಿ ಮಲ್ಲಿಕಾಂಬ. ಆದರೆ "ಅಧ್ಯಕ್ಷರೇ" ಎಂದು ಕರೆದರೆ ತಿರುಗುತ್ತಿದ್ದವರು ಇವರು.

ಇದ್ದ ಒಂದೇ ಕೈಕುರ್ಚಿಯಲ್ಲಿ ಸೋಮಶೇಖರಪ್ಪ ಕೂತರು. ಹಿಂದೆಯೇ ಬಂದ ಮಲ್ಲಿಕಾಂಬ, ಮೊಳೆ ಕಿತ್ತುಬಂದ ಕಿಟಕಿಯ ಟಾರ್ಪಾಲನ್ನು ಯಾರಾದರೂ ಹಿಡಿಯಬೇಕಲ್ಲ ಎಂದು ತಾವೇ ಹಿಡಿದು ನಿಂತರು. ಅದು ಯಾರಿಗೂ ವಿಶೇಷವೆನಿಸಲಿಲ್ಲ.

ಸಿನಿಮಾದಲ್ಲಿ ಒಬ್ಬಾಕೆ ಹಾಲಿನ ಡೈರಿಯ ಅಧ್ಯಕ್ಷೆ. ಸಭೆಯಲ್ಲಿ ಆಕೆಯ ಕುರ್ಚಿಯಲ್ಲಿ ಕೂತು ಮಾತಾಡುವವನು ಗಂಡ. ಆಕೆ ಎಲ್ಲರಿಗೂ ಟೀ ಕೊಡುತ್ತಾಳೆ. ಅರ್ಧಕ್ಕೆ ನಿಲ್ಲಿಸಿ ಕೇಳುವುದು ಸಂಘಮಿತ್ರಾ ಅವರ ಪದ್ಧತಿ. ನಿಲ್ಲಿಸಿದರು. "ಈಗ ಏನಾಗ್ಬೇಕು?"

ಮಕ್ಕಳು ಕೈ ಎತ್ತುವ ಮೊದಲೇ ಸೋಮಶೇಖರಪ್ಪ ಸಿಡಿದರು. "ಒಳ್ಳೇ ಟೈಮಲ್ಲಿ ನಿಲ್ಲಿಸ್ಬಿಟ್ರಲ್ಲ ಮೇಡಂ! ಅವನೇನ್ ಗಂಡಸೇನ್ರೀ? ಜನ ಓಟು ಹಾಕಿರೋದು ಅವಳಿಗೆ. ಎದ್ದು ಕುರ್ಚಿ ಬಿಡ್ಬೇಕಪ್ಪಾ!"

ಮುಂದಿನ ಸಾಲಿನಲ್ಲಿದ್ದ ಅವರ ತಮ್ಮನ ಮಗಳು ಅಮೂಲ್ಯಾ ಎದ್ದಳು. "ಬಿಡ್ದೇ ಇದ್ರೆ, ದೊಡ್ಡಪ್ಪ?"

"ಜನಾನೇ ಎಬ್ಬಿಸ್ಬೇಕು ಕಣವ್ವಾ."

"ಹಂಗಾದ್ರೆ ಏಳಿ ದೊಡ್ಡಪ್ಪ. ದೊಡ್ಡಮ್ಮಂಗೆ ಕೈ ನೋಯ್ತಿರ್ಬೋದು."

ತಲೆಗಳೆಲ್ಲ ಕಿಟಕಿಯತ್ತ ತಿರುಗಿದವು. ಟಾರ್ಪಾಲು ಕೆಳಗಿಳಿಯಿತು. ಬಿಸಿಲು ಬಂದು ನೇರವಾಗಿ ಕೈಕುರ್ಚಿಯ ಮೇಲೆ ಬಿತ್ತು.

"ಲೇ, ನಾನ್ ಹೇಳಿದ್ದು ಸಿನಿಮಾದ್ ವಿಷ್ಯ!" ಎಂದರು ಸೋಮಶೇಖರಪ್ಪ.

"ನಾನೂ ಅದನ್ನೇ ನೋಡ್ತಿದ್ದೆ ಕಣ್ರೀ, ನಿಂತ್ಕಂಡು," ಎಂದರು ಮಲ್ಲಿಕಾಂಬ. "ಒಸಿ ಬಂದು ಇದನ್ನ ಹಿಡ್ಕಳಿ. ಪೂರ್ತಿ ನೋಡ್ದೆ ತೀರ್ಮಾನ ಹೆಂಗ್ ಹೇಳ್ಲಿ?"

ಸೋಮಶೇಖರಪ್ಪ ಸಂಘಮಿತ್ರಾ ಅವರನ್ನು ನೋಡಿದರು. ಅವರು ರಿಮೋಟ್ ಹಿಡಿದು ಕಾಯುತ್ತಿದ್ದರು. ಕತ್ತಲಾಗದೆ ಸಿನಿಮಾ ಮುಂದುವರಿಯುವಂತಿರಲಿಲ್ಲ. ಮುಂದೇನಾಯಿತೆಂದು ತಿಳಿಯದೆ ಎದ್ದುಹೋಗುವುದು ಸೋಮಶೇಖರಪ್ಪನವರಿಂದಲೂ ಆಗುವಂತಿರಲಿಲ್ಲ.

ಉಳಿದರ್ಧವನ್ನು ಮಲ್ಲಿಕಾಂಬ ಕೈಕುರ್ಚಿಯಲ್ಲಿ ಕೂತು ನೋಡಿದರು, ಸೋಮಶೇಖರಪ್ಪ ಟಾರ್ಪಾಲು ಹಿಡಿದು ನಿಂತು. ಶನಿವಾರಗಳಿಗೆ ಸಭಾಂಗಣ ಶಾಲೆಗೇ ಉಳಿಯಿತು.